ಅಮಾನ್ಯ

ಗೋಪಿ ಸರ್ಕಲ್ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಎರಡು ಕಂಪ್ಯೂಟರ್, ಒಂದು ಫ್ಯಾನು,
ಗೋಡೆಗೆ ನಾನೇ ಅಂಟಿಸಿದ ಚೀಟಿ:
ಹೊರಗಿಂದ ಬಂದದ್ದನ್ನು ನಂಬಬೇಡ.
ಸಾಲ ಕೇಳಲು ಬರುವ ಮಾಮು ಅದನ್ನೋದಿ
ತನಗೇ ಬರೆದದ್ದೆಂದು
ಒಂದು ರಂಜಾನ್ ಪೂರ್ತಿ ಮಾತು ಬಿಟ್ಟಿದ್ದ.

ಕೆಲಸ ಇಷ್ಟು:
ಸಾಗರದ ಕಡೆಯ ಊರುಗಳಿಗೆ
ಮಂಗನ ಕಾಯಿಲೆಯ ಲೆಕ್ಕ ಬರೆಯುವ ಫಾರಂ.
ಯಾರಿಗೆ ಜ್ವರ, ಎಷ್ಟನೇ ದಿನ, ರಕ್ತ ತೆಗೆದದ್ದು ಯಾವಾಗ,
ದರಗು ಗುಡಿಸಲು ಕಾಡಿಗೆ ಹೋಗುವ ಮುಂಚೆ
ಮೈಗೆ ಹಚ್ಚುವ ಎಣ್ಣೆ ಯಾರ ಮನೆಗೆ ಎಷ್ಟು ಬಾಟಲಿ.

ಕಾವಲು ಕಟ್ಟಿದೆ.
ವಯಸ್ಸಿನ ಜಾಗದಲ್ಲಿ ಅಂಕಿ ಮಾತ್ರ,
ನೂರಿಪ್ಪತ್ತು ದಾಟುವಂತಿಲ್ಲ.
ನಾಳೆಯ ಜ್ವರವನ್ನು ಇವತ್ತು ಬರೆಯುವಂತಿಲ್ಲ.
ಮೊಬೈಲಿನಲ್ಲಿ ಒಮ್ಮೆ ತಡೆ, ಸರ್ವರಿನಲ್ಲಿ ಮತ್ತೊಮ್ಮೆ.
ದಣಪೆ ಹಾಕಿದೆವೆಂದು
ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಮಲಗುವವರುಂಟೆ?

ಅಷ್ಟಕ್ಕೂ ಕಾರಣವಿತ್ತು.
ಹೋದ ವರ್ಷ ಯಾವನೋ
ಹೆಸರು ಬರೆಯುವಲ್ಲಿ ಒಂದೇ ಒಂದು ಉದ್ಧರಣ ಚಿಹ್ನೆ ಇಟ್ಟು
ಅದರ ಬಾಲಕ್ಕೊಂದು ಆಜ್ಞೆ ಕಟ್ಟಿ ಕಳಿಸಿದ.
ನಮ್ಮ ಹಳೆಯ ಡೇಟಾಬೇಸು, ಹೇಳಿದ್ದು ಕೇಳುವ ಕೂಸು,
ಅದು ಹೆಸರೆಂದು ತಿಳಿಯದೆ
ಹೇಳಿದಂತೆ ಮಾಡಿತು.
ಹನ್ನೊಂದು ಊರಿನ ಪಟ್ಟಿ ಒರೆಸಿಹೋಯಿತು.
ಕಾಗದದ ರಿಜಿಸ್ಟರ್ ತರಿಸಿ
ಎರಡು ತಿಂಗಳು ಮತ್ತೆ ಬರೆದೆವು.

ಆಮೇಲೆ ನನಗೆ ಭಯ.
ಭಯಕ್ಕೂ ಒಂದು ಪಟ್ಟಿ ಮಾಡಿದೆ:
ಬರಬಾರದ ಚಿಹ್ನೆ, ಬರಬಾರದ ಪದ,
ಕೀಟಲೆಯ ಹುಡುಗರು ಹೆಸರಿನ ಬದಲು ಬರೆಯುವ ಬೈಗುಳ.
ರಾತ್ರಿ ಎರಡಕ್ಕೆ ಕೂತು, ಕೇಳಿದ್ದನ್ನೆಲ್ಲ ನೆನೆದು,
ಒಬ್ಬಳೇ ನಾಚಿಕೊಳ್ಳುತ್ತ ಟೈಪು ಮಾಡಿದೆ.

ಒಂದು ಬುಧವಾರ ಫೋನು. ಆಶಾ ಕಾರ್ಯಕರ್ತೆ ನಾಗವೇಣಿ,
ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ ಏದುಸಿರು.
"ಮೇಡಂ, ನಿಮ್ ಫಾರಂ ನಮ್ಮತ್ತೆ ಹೆಸ್ರು ತಗಳ್ತಿಲ್ಲ."
ಏನು ಹೆಸರು?
"ಹುಚ್ಚಮ್ಮ."

ನನ್ನ ಪಟ್ಟಿಯ ಏಳನೇ ಪದ.

"ಮೂರ್ ಸಲ ಹಾಕ್ದೆ. ಮೂರ್ ಸಲನೂ ಕೆಂಪಕ್ಷರ, ಅಮಾನ್ಯ ಅಂತ.
ತೋರ್ಸಿದ್ರೆ ಜ್ವರದಲ್ಲೂ ನಗ್ಯಾಡ್ತು ಅದು.
ಹಿಂದಿನ ಮೂರು ಕೂಸು ಉಳೀಲಿಲ್ವಂತೆ.
ಸಾವಿಗೆ ಬೇಡಾಗ್ಲಿ ಅಂತ
ಇದ್ಕೆ ಈ ಹೆಸ್ರು ಇಟ್ಟಿದ್ದಂತೆ."

ಎಪ್ಪತ್ತೊಂದು ವರ್ಷ ಕೆಲಸ ಮಾಡಿದ ಹೆಸರು.
ಯಾರನ್ನು ತಡೆಯಬೇಕಿತ್ತೋ ಅವನನ್ನು ತಡೆದು,
ಕೊನೆಗೆ ನನ್ನ ಬಾಗಿಲಲ್ಲಿ ಬಂದು ನಿಂತಿದೆ.

ನಾನು ಸುರಕ್ಷತೆ, ದಾಳಿ, ಎಂದೇನೋ ಶುರುಮಾಡಿದೆ.
ನಾಗವೇಣಿ ಪೂರ್ತಿ ಕೇಳಿದಳು, ಪಾಪ.
"ನಾವೂ ಕಾಡಿಂದ ಬಂದೋರನ್ನ ಹಿತ್ಲಲ್ಲೇ ನಿಲ್ಲಿಸ್ತೀವಿ ಮೇಡಂ.
ಬಟ್ಟೆ ಕುದಿಯೋ ನೀರಿಗೆ.
ಕಿವಿ ಹಿಂದೆ, ಬೆರಳ ಸಂದಿ, ಸೀರೆ ಅಂಚು,
ಎಲ್ಲಾ ಕಡೆ ಉಣುಗು ಹುಡುಕ್ತೀವಿ.
ಹಂಗಂತ
ಬಂದೋರನ್ನೇ ವಾಪಸ್ ಕಾಡಿಗೆ ಕಳಿಸ್ತೀವಾ?"

ಪಟ್ಟಿ ಅಳಿಸಿದೆ. ಅಳಿಸುವಾಗ ಕೈ ನಡುಗಿತು, ಸುಳ್ಳೇಕೆ.
ಆಜ್ಞೆಯನ್ನು ಮೊದಲೇ ಪೂರ್ತಿ ಬರೆದಿಟ್ಟು
ನಡುವೆ ಒಂದು ಖಾಲಿ ಮಣೆ ಹಾಕಿದೆ.
ಬಂದವರು ಅಲ್ಲಿ ಕೂರಲಿ.
ಏನೇ ನುಡಿದರೂ ಅದು ಅವರ ಹೆಸರು ಅಷ್ಟೆ,
ಯಾರೂ ಎದ್ದು ಅದರಂತೆ ನಡೆಯುವುದಿಲ್ಲ.
ಭಯಪಡುವ ಮುಂಚೆ
ಮಾಡಬೇಕಿದ್ದ ಕೆಲಸ ಅದೊಂದೇ.

ಸಂಜೆ ಐದೂವರೆಗೆ ಪರದೆಯ ಮೇಲೆ ಒಂದು ಸಾಲು:
ಹುಚ್ಚಮ್ಮ ಕೋಂ ಕೆರಿಯಪ್ಪ, ೭೧, ಹೆಣ್ಣು,
ಜ್ವರ ನಾಲ್ಕನೇ ದಿನ, ರಕ್ತ ತೆಗೆಯಲಾಗಿದೆ.
ಹಸಿರಕ್ಷರ.

ವರದಿ ಎಂಬ ಕಾಲಂ ಇನ್ನೂ ಖಾಲಿ.
ಅದನ್ನು ತುಂಬುವುದು ಕಡ್ಡಾಯವಲ್ಲ
ಎಂದು ನಾನೇ ಬರೆದಿದ್ದೆ.
ಅಂಗಡಿ ಮುಚ್ಚುವವರೆಗೂ
ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೇನೆ.